ಸುಳ್ಳು ಬೇರು

ಮಣ್ಣಿಗೂ ಸುಳ್ಳು ಹೇಳಬಹುದು ಎಂದು ಮನುಷ್ಯರು ಕಂಡುಕೊಂಡು ಹದಿಮೂರು ವರ್ಷಗಳಾಗಿದ್ದವು. ಮುಗಳಿಹಳ್ಳದ ಬಯಲಿನ ಹನ್ನೊಂದು ಊರುಗಳು ಅಷ್ಟು ವರ್ಷವೂ ಆ ಸುಳ್ಳನ್ನು ನಂಬಿಯೇ ಉಂಡು ಉಟ್ಟಿದ್ದವು.

ಸೋಯಾ ಬೇರಿಗೆ ಹತ್ತುವ ಹುಳು ಬರಿಗಣ್ಣಿಗೆ ಕಾಣುವಂಥದ್ದಲ್ಲ. ಅದರಲ್ಲಿ ಹೆಣ್ಣು ಬೇರಿಗೆ ಬಾಯಿಟ್ಟು, ಅಲ್ಲೇ ಊದಿಕೊಂಡು, ಹೊಟ್ಟೆಯ ತುಂಬ ಮೊಟ್ಟೆಗಳನ್ನು ಇಟ್ಟುಕೊಂಡೇ ಸಾಯುತ್ತದೆ. ಸತ್ತ ತಾಯಿಯ ಚರ್ಮವೇ ಗಟ್ಟಿಯಾಗಿ ಮೊಟ್ಟೆಗಳಿಗೆ ಚೀಲವಾಗುತ್ತದೆ. ಆ ಚೀಲದೊಳಗೆ ಅವು ವರ್ಷಗಟ್ಟಲೆ ಸುಮ್ಮನೆ ಮಲಗಿರಬಲ್ಲವು. ಮಳೆಗೆ ಕೆಲವು ಏಳಬಹುದು. ಉಳಿದವು ಹತ್ತಿರದಲ್ಲೆಲ್ಲೋ ಸೋಯಾ ಬೇರು ಇಳಿದು, ತನ್ನ ವಾಸನೆಯನ್ನು ಮಣ್ಣಿಗೆ ಬಿಟ್ಟಾಗಲೇ ಏಳುವುದು.

ಆ ವಾಸನೆಯನ್ನು ವಿಜ್ಞಾನಿಗಳು ಕಾರ್ಖಾನೆಯಲ್ಲಿ ತಯಾರಿಸಿದರು. ಹೊಲದಲ್ಲಿ ಹತ್ತು ಮಾರಿಗೊಂದರಂತೆ ಕೊಳವೆ ಹೂಳಿದರು. ಮುಂಗಾರಿನ ಮೊದಲ ಹಸಿಯಲ್ಲಿ, ಬೆಳೆಯೇ ಇಲ್ಲದ ಬರಿನೆಲಕ್ಕೆ ಅದನ್ನು ಹನಿಹನಿಯಾಗಿ ಬಿಟ್ಟರು. ಮೊಟ್ಟೆಯೊಡೆದು ಹುಳುಗಳು ಹೊರಬಂದವು. ಇಲ್ಲದ ಬೇರನ್ನು ಹುಡುಕಿ ಹುಡುಕಿ, ಮೈಯಲ್ಲಿದ್ದ ಕೊಬ್ಬು ಕರಗಿ ಸತ್ತವು. ಗೋವಿನಜೋಳಕ್ಕೆ ಹತ್ತುವ ಹುಳು ಇನ್ನೊಂದು ಜಾತಿಯದು, ಅದನ್ನು ಕರೆಯುವ ವಾಸನೆಯೂ ಇನ್ನೊಂದು. ಹಾಗಾಗಿ ಪ್ರತಿ ಕೊಳವೆಯಲ್ಲಿ ಎರಡು ಸೀಸೆಗಳು. ಊರವರು ಕೊಳವೆಗೆ ಇಟ್ಟ ಹೆಸರು ಸುಳ್ಳು ಬೇರು.

ಈ ಉಪಾಯಕ್ಕೆ ಒಂದು ಕಟ್ಟುಪಾಡು ಇತ್ತು. ಮೊದಲ ಮಳೆಯಿಂದ ನಲವತ್ತು ದಿನ ಬಯಲಿನಲ್ಲಿ ನಿಜವಾದ ಬೇರು ಇರಕೂಡದು. ಹಿತ್ತಲಲ್ಲಿ ಅವರೆ ಬಳ್ಳಿ, ಬದುವಿನಲ್ಲಿ ಕಳೆ, ಏನೂ ಕೂಡದು. ಎದ್ದ ಹುಳುವಿಗೆ ಒಂದೇ ಒಂದು ಗಿಡ ಸಿಕ್ಕರೂ ಅದು ಉಳಿದುಕೊಳ್ಳುತ್ತದೆ. ಆ ದಿನಗಳಲ್ಲಿ ಯಾರ ಮಣ್ಣಿನಲ್ಲಿ ಬೇರು ಸಿಕ್ಕಿತೋ ಅವರ ಹೊಲಕ್ಕೆ ಮೂರು ವರ್ಷ ಮುದ್ರೆ, ಬಿತ್ತುವಂತಿಲ್ಲ, ಕಾಲಿಡುವಂತಿಲ್ಲ. ನಲವತ್ತೊಂದನೆಯ ದಿನ ಹನ್ನೊಂದು ಊರೂ ಒಟ್ಟಿಗೆ ಬಿತ್ತನೆಯ ಕೂರಿಗೆ ಹೂಡುತ್ತಿದ್ದವು.

ಈ ಮಾತನ್ನು ಹದಿಮೂರು ವರ್ಷದ ಹಿಂದೆ ಮನೆಮನೆಗೆ ಹೋಗಿ ಹೇಳಿ ಒಪ್ಪಿಸಿದವಳು ದಾಕ್ಷಾಯಣಿ. ಆಗ ಅವಳು ಕೃಷಿ ಪದವಿ ಮುಗಿಸಿ ಮುಗಳಿಕೊಪ್ಪಕ್ಕೆ ಸೊಸೆಯಾಗಿ ಬಂದ ಹೊಸತು. ಈಗ ಹೊಳೆದಂಡೆಯಲ್ಲಿ ಮಣ್ಣಿಗೆ ಕಿವಿಗೊಡುವ ಆಲಿಕೆ ಕೇಂದ್ರದಲ್ಲಿ ಅವಳು ಹಿರಿಯ ವೀಕ್ಷಕಿ. ಎದ್ದ ಹುಳು ಮಣ್ಣಿಗೆ ಬಿಡುವ ಸೂಕ್ಷ್ಮ ಸ್ರಾವವನ್ನು ಕೊಳವೆಯ ತುದಿ ಗುರುತಿಸುತ್ತಿತ್ತು. ಕೇಂದ್ರದ ಗೋಡೆಯ ನಕ್ಷೆಯ ಮೇಲೆ ಅದು ಹಳದಿ ಚುಕ್ಕೆಯಾಗಿ ಮೂಡುತ್ತಿತ್ತು. ಮೊದಲ ವರ್ಷ ನಕ್ಷೆಯ ಮೇಲೆ ಅರಿಸಿನ ಚೆಲ್ಲಿದಂತಿತ್ತು. ವರ್ಷದಿಂದ ವರ್ಷಕ್ಕೆ ಚುಕ್ಕೆಗಳು ತೆಳುವಾದವು. ಈ ವರ್ಷ ಮೂವತ್ತಾರು ದಿನ ಕಳೆದಿದ್ದರೂ ಒಂದೂ ಮೂಡಿರಲಿಲ್ಲ.

“ಮೇಡಂ, ಈ ಗ್ವಾಡಿ ನೋಡಿ ನೋಡಿ ನನಗ ನಿದ್ದಿ ಬರಾಕತ್ತೈತಿ,” ಎಂದ ಕೊಳವೆ ರಿಪೇರಿಯ ಮೌಲಾಸಾಬ. “ಹುಳಾನ ಇಲ್ಲಂದ್ರ ನಮ್ಮನ್ನ ಮನಿಗೆ ಕಳಸ್ತಾರ. ಎರಡರ ಇಟಗೊಬೇಕಿತ್ತು, ಸಾಕಾಕ.”

ಕೇಂದ್ರದ ಮುಖ್ಯಸ್ಥ ಡಾ. ಮುಕುಂದ ಜಾಲಿಹಾಳರು ನಕ್ಕರು. ಅವರ ಮೇಜಿನ ಮೇಲೆ ಬಯಲನ್ನು ಹುಳುಮುಕ್ತ ಎಂದು ಘೋಷಿಸುವ ಪತ್ರ ಸಹಿಗೆ ಸಿದ್ಧವಾಗಿತ್ತು.

ದಾಕ್ಷಾಯಣಿ ನಗಲಿಲ್ಲ. ಖಾಲಿ ನಕ್ಷೆ ಅವಳಿಗೆ ಎರಡು ವಾರದಿಂದ ಸರಿಬಂದಿರಲಿಲ್ಲ. ಯಾರೂ ಇಲ್ಲದ ಮನೆಯ ನಿಶ್ಶಬ್ದ ಒಂದು ಬಗೆಯದು, ಒಳಗೆ ಯಾರೋ ಉಸಿರು ಹಿಡಿದು ನಿಂತ ಮನೆಯದು ಇನ್ನೊಂದು. ಹೊರಗೆ ನಿಂತು ಬಾಗಿಲು ಬಡಿಯುವವರಿಗೆ ಎರಡೂ ಒಂದೇ.

“ಸರ್, ನಮ್ಮ ಯಂತ್ರಕ್ಕ ಗೊತ್ತಾಗೋದು ಎದ್ದ ಹುಳ ಅಷ್ಟ,” ಎಂದಳು. “ಮಲಗಿದ್ದು ಗೊತ್ತಾಗೂದಿಲ್ಲ.”

“ಕರದ್ರ ಏಳೋದು ಅದರ ಸ್ವಭಾವ ಅಲ್ಲೇನ್ರಿ?”

“ಹದಿಮೂರು ವರ್ಷ ಕರದಾಗ ಎದ್ದವೆಲ್ಲಾ ಸತ್ತು ಹೋಗ್ಯಾವ್ರಿ. ಕೋಟಿಗೆ ಒಂದಾದರೂ ಏಳದs ಮಲಗಿದ್ದು ಇತ್ತು ಅಂದ್ರ, ಉಳದಿದ್ದು ಅದs. ಅದರ ಮಕ್ಕಳೂ ಹಂಗs ಆಗಿರ್ತಾವ. ನಮ್ಮ ಸುಳ್ಳಿಗೆ ಏಳದs ಇರೋವು, ಖರೇ ಬೇರಿಗೆ ಮಾತ್ರ ಏಳೋವು.”

ಜಾಲಿಹಾಳರು ಕನ್ನಡಕ ತೆಗೆದು ಒರೆಸಿಕೊಂಡರು. “ಪುರಾವೆ?”

ಪುರಾವೆ ಇರಲಿಲ್ಲ. ಮಣ್ಣು ಸೋಸಿದರೆ ಹಳೆಯ ಚೀಲಗಳು ಲಕ್ಷಗಟ್ಟಲೆ ಸಿಗುತ್ತಿದ್ದವು. ಯಾವುದರೊಳಗೆ ಜೀವ ಮಲಗಿದೆ, ಯಾವುದರೊಳಗೆ ಇಲ್ಲ ಎಂದು ಅಷ್ಟರಲ್ಲಿ ಹುಡುಕಿ ಹೇಳುವುದು ಆಗದ ಮಾತು. ನಿಜವಾದ ಬೇರನ್ನು ಆ ಮಣ್ಣಿಗೆ ಇಳಿಸಿ ಒಂದು ತಿಂಗಳು ಕಾಯುವುದೊಂದೇ ದಾರಿ. ನಲವತ್ತು ದಿನದಲ್ಲಿ ಅದು ಕೇಂದ್ರಕ್ಕೂ ನಿಷಿದ್ಧ.

“ನೀವು ಬಾಳ ವಿಚಾರ ಮಾಡ್ತೀರಿ,” ಎಂದರು ಜಾಲಿಹಾಳರು ಮೆಲ್ಲಗೆ. “ಬಿತ್ತಗಿ ಆಗಲಿ. ಆಮ್ಯಾಲೆ ನೋಡೋಣು.”

ಬಿತ್ತಿದ ಮೇಲೆ ನೋಡಲು ಏನೂ ಉಳಿದಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳ ಶಂಕೆ ನಿಜವಾಗಿದ್ದರೆ ಮೂವತ್ತು ಸಾವಿರ ಎಕರೆ ಸೋಯಾ ಒಂದೇ ದಿನ ಬೇರಿಳಿಸಿ ಹುಳುಗಳನ್ನು ಎಬ್ಬಿಸುತ್ತದೆ. ಶ್ರಾವಣ ಮುಗಿಯುವ ಹೊತ್ತಿಗೆ ಬಯಲು ಹಳದಿಯಾಗುತ್ತದೆ. ಆಮೇಲೆ ಅವನ್ನು ವಂಚಿಸಲು ಯಾವ ಸುಳ್ಳೂ ಕೈಯಲ್ಲಿರುವುದಿಲ್ಲ.

ಮೂವತ್ತೆಂಟನೆಯ ದಿನ ಅವಳಿಗೆ ರಜೆ. ಮಧ್ಯಾಹ್ನ ನೀರಿನ ಡ್ರಮ್ಮು ತೊಳೆಯಲು ಹಿತ್ತಲಿಗೆ ಹೋದಳು. ಡ್ರಮ್ಮು ಸರಿಸಿದಾಗ ಗೋಡೆಯ ಮೂಲೆಯಲ್ಲಿ, ಬುಟ್ಟಿ ಬೋರಲು ಹಾಕಿ ಮುಚ್ಚಿದ್ದ ಏನೋ ಕಂಡಿತು. ಬುಟ್ಟಿಯ ಸಂದಿಯಿಂದ ಒಂದು ಎಲೆ ಇಣುಕುತ್ತಿತ್ತು. ಅಷ್ಟು ದಿನ ಬರೀ ಕಪ್ಪು ನೆಲ ನೋಡಿದ್ದ ಕಣ್ಣಿಗೆ ಆ ಹಸಿರು ಚುಚ್ಚಿದಂತಾಯಿತು.

ಬುಟ್ಟಿ ಎತ್ತಿದಳು. ಒಳಗೆ ಮಣ್ಣೆತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಅತ್ತೆ ಫಕ್ಕೀರವ್ವ ತನ್ನ ಕೈಯಾರೆ ಮಾಡಿ, ಪೂಜಿಸಿ, ಹೋಳಿಗೆ ಎಡೆ ತೋರಿಸಿದ್ದ ಎತ್ತು. ಹಬ್ಬ ಮುಗಿದ ಮೇಲೆ ಅದನ್ನು ಹೊಲದ ಮಣ್ಣಿಗೇ ಮರಳಿಸಬೇಕೆಂಬುದು ಪದ್ಧತಿ. ಕೇಂದ್ರವೂ ಹಾಗೆಂದೇ ಹಬ್ಬಕ್ಕೆ ಒಪ್ಪಿತ್ತು. ಈ ಎತ್ತು ಮರಳಿರಲಿಲ್ಲ. ಅದರ ಎರಡು ಕಣ್ಣುಗಳಿಂದ ಎರಡು ಸೋಯಾ ಸಸಿಗಳು ಗೇಣುದ್ದ ಎದ್ದಿದ್ದವು. ಕೆಳಗಿನ ಎಲೆಗಳು ಹಳದಿಯಾಗಿದ್ದವು.

ಅವಳು ಎತ್ತಿನ ಒದ್ದೆ ಕುತ್ತಿಗೆಯನ್ನು ಮೆಲ್ಲಗೆ ಬಿಡಿಸಿದಳು. ಬೇರುಗಳು ಹೊಟ್ಟೆಯವರೆಗೂ ಇಳಿದಿದ್ದವು. ಅವುಗಳ ಮೇಲೆ ಅಲ್ಲಲ್ಲಿ, ಖಸಖಸೆಯಷ್ಟೂ ಇಲ್ಲದ ಬಿಳಿ ಮಣಿಗಳು. ಅವಳು ಆ ಮಣಿಗಳನ್ನು ಕೊನೆಯ ಸಲ ನೋಡಿ ಹತ್ತು ವರ್ಷವಾಗಿತ್ತು. ಆದರೂ ಗುರುತು ಹಿಡಿಯಲು ಭೂತಗನ್ನಡಿ ಬೇಕಾಗಲಿಲ್ಲ.

“ಕಿತ್ತಿ ಏನ?” ಹಿಂದಿನಿಂದ ಅತ್ತೆಯ ದನಿ.

“ಅತ್ತಿ, ಇದು ಯಾವಾಗಿಂದ ಐತಿ?”

“ಅಮಾಸಿ ಆಗಿ ನಾಕು ದಿನಕ್ಕ ಮೊಳಕಿ ಒಡೀತು. ಕೀಳಾಕ ಹೋದ್ನಿ. ಬಸವಣ್ಣನ ಕಣ್ಣ ಕಿತ್ತಂಗ ಆತು, ಬಿಟ್ನಿ.” ಫಕ್ಕೀರವ್ವ ಸೆರಗಿನಿಂದ ಕೈ ಒರೆಸಿಕೊಂಡು ಕಲ್ಲಿನ ಮೇಲೆ ಕೂತಳು. “ಮೊದಲ ಕುಸುಬಿ ಕಾಳು ಹಚ್ಚತಿದ್ವಿ ಕಣ್ಣಿಗೆ. ಈಗ ಕುಸುಬಿ ಬೆಳ್ಯಾವರು ಯಾರ ಅದಾರ? ಡಬ್ಬ್ಯಾಗ ಸೋಯಾ ಇತ್ತು, ಹಚ್ಚಿದ್ನಿ.”

“ನನಗ ಹೇಳಬಾರದಿತ್ತ?”

“ನಿನಗ ಹೇಳಿದ್ರ ನೀ ಬರಕೊಳ್ಳಾಕಿ.”

ಅತ್ತೆ ಬೇರಿನ ಕಡೆ ಬಾಗಿ ನೋಡಿದಳು.

“ನಲವತ್ತು ದಿನ ಒಂದು ಹಸರು ಕಡ್ಡಿ ಕಾಣದ ಹ್ಯಾಂಗ ಇರೋದ? ನೀವು ಆಫೀಸನ್ಯಾಗ ಬಣ್ಣದ ಗ್ವಾಡಿ ನೋಡ್ತೀರಿ. ನಾವು ಬಾಗಲಾ ತಗದ್ರ ಮಸಣ ಕಂಡಂಗ ಕಾಣ್ತದ. ದಿನಾ ಮುಂಜಾನೆ ಬುಟ್ಟಿ ಎತ್ತಿ ಇದರ ಮಾರಿ ನೋಡ್ತಿದ್ನಿ, ಅಷ್ಟ.”

“ಬ್ಯಾರೆ ಮನ್ಯಾಗೂ ಇಟ್ಟಾರನು?”

“ಅದನ್ನ ನನ್ನ ಕೇಳಬ್ಯಾಡ.”

ಹೊಲಕ್ಕೆ ಹೋಗಿದ್ದ ದಾಕ್ಷಾಯಣಿಯ ಗಂಡ ಅಡಿವೆಪ್ಪ ಅಷ್ಟರಲ್ಲಿ ಬಂದ. ಕೈಯಲ್ಲಿ ಎಣ್ಣೆ ಹಚ್ಚಿದ ಕೂರಿಗೆಯ ತಾಳು. ಹೆಂಡತಿಯ ಅಂಗೈಯಲ್ಲಿದ್ದುದನ್ನು ನೋಡಿದ. ಅವನಿಗೆ ಯಾರೂ ವಿವರಿಸಬೇಕಾಗಲಿಲ್ಲ.

“ಒಲಿಗೆ ಹಾಕು,” ಎಂದ.

“ಇದೊಂದs ಪುರಾವೆ.”

“ಎದರ ಪುರಾವೆ? ಹದಿಮೂರು ವರ್ಷ ಹನ್ನೊಂದು ಊರು ಉಪಾಸ ಮಾಡಿದಂಗ ಮಾಡ್ಯಾವ. ಅದನ್ನ ಫಕ್ಕೀರವ್ವ ಒಬ್ಬಾಕಿ ಕೆಡಿಸಿದ್ಳು ಅಂತಾರ. ಹೊಲಕ್ಕ ಮುದ್ರಿ ಬೀಳತೈತಿ, ಅದು ಹೋಗಲಿ. ಅವ್ವ ಸಾಯೂ ತನಕ ಹಾಲಿನ ಡೇರಿಗೆ ಹ್ಯಾಂಗ ಹೋಗಬೇಕು?”

ಅವನ ಮಾತಿನಲ್ಲಿ ತಪ್ಪು ಇರಲಿಲ್ಲ. ಮೂವತ್ತು ಸಾವಿರ ಎಕರೆ ಎಂಬುದು ನಕ್ಷೆಯ ಮೇಲಿನ ಬಣ್ಣ. ಅತ್ತೆಯ ಮುಖ ಎದುರಿಗಿತ್ತು. ಆ ಮುಖದ ಹೆಸರನ್ನು ತನ್ನ ಕೈಯಿಂದ ಮುದ್ರೆಯ ಅರ್ಜಿಯಲ್ಲಿ ಬರೆಯಬೇಕು. ದಾಕ್ಷಾಯಣಿ ಒಲೆಯ ಕಡೆಗೊಮ್ಮೆ ನೋಡಿದಳು, ನಿಜವಾಗಿಯೂ.

ಫಕ್ಕೀರವ್ವ ಒಂದು ಮಣಿಯನ್ನು ಉಗುರಿನಿಂದ ಬಿಡಿಸಿ ಬೆಳಕಿಗೆ ಹಿಡಿದಳು.

“ಈ ಮಣ್ಣು ನಮ್ಮ ಹೊಲದ್ದು. ನಾನs ಅಗದು ತಂದೀನಿ, ನಿಮ್ಮ ಕೊಳವಿ ಬಾಜೂಕಿಂದನs,” ಎಂದಳು. “ಆ ಕೊಳವಿ ಕರದಾಗ ಒಂದೂ ಬರಲಿಲ್ಲ ಅಂತಿ. ನನ್ನ ಎತ್ತಿನ ಕಣ್ಣಿಗೆ ಹ್ಯಾಂಗ ಬಂದ್ವು?”

ಅಡಿವೆಪ್ಪ ಕೈಯಲ್ಲಿದ್ದ ತಾಳನ್ನು ಗೋಡೆಗೆ ಒರಗಿಸಿದ.

“ನಾಳೆ ಒಯ್ದು ತೋರಸು,” ಎಂದಳು ಅತ್ತೆ. “ಡೇರಿಗೆ ಹಾಲು ಅಡಿವೆಪ್ಪ ಒಯ್ಯಲಿ.”

ಮೂವತ್ತೊಂಬತ್ತನೆಯ ದಿನ ಬೆಳಿಗ್ಗೆ ಜಾಲಿಹಾಳರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲು ತುಂಬ ಹೊತ್ತು ಹಿಡಿಯಿತು. ತೆಗೆದ ಮೇಲೆಯೂ ಅವರು ದಾಕ್ಷಾಯಣಿಯನ್ನು ನೋಡಲಿಲ್ಲ.

“ಹುಳ ಹೌದು,” ಎಂದರು. “ಆದ್ರ ಇದೊಂದು ಮನಿ ತಪ್ಪು. ಬೇರು ಇಟ್ರು, ಹುಳ ಉಳೀತು. ಮ್ಯಾಲಿನವರು ಇಷ್ಟs ಅಂತಾರ, ನಾನೂ ಇಷ್ಟs ಬರೀಬೇಕಾಗ್ತದ.”

“ಆ ಹೊಲದಾಗ ಸುಳ್ಳು ಬೇರು ಹತ್ತು ದಿನ ಕರದ ಮ್ಯಾಲೆ ತಗದ ಮಣ್ಣು ಸರ್ ಅದು. ನಕ್ಷಾದಾಗ ಒಂದು ಚುಕ್ಕಿ ಇರಲಿಲ್ಲ.”

“ಗೊತ್ತಾತು. ನಿಮ್ಮ ಮಾತು ಸುಳ್ಳು ಅಂತ ನಾ ಅನ್ನೂದಿಲ್ಲ.” ಅವರು ಎತ್ತಿನ ಮುರಿದ ಕುತ್ತಿಗೆಯನ್ನು ಸರಿಯಾಗಿ ಕೂಡಿಸಲು ನೋಡಿ, ಆಗದೆ ಬಿಟ್ಟರು. “ಒಂದು ಮಣ್ಣೆತ್ತಿನ ಸಾಕ್ಷಿ ಮ್ಯಾಲೆ ಹನ್ನೊಂದು ಊರಿನ ಕೂರಿಗಿ ನಿಲ್ಲಸಲಿಕ್ಕೆ ನನಗ ಅಧಿಕಾರ ಇಲ್ಲ. ಊರೂರಿನ ಮಣ್ಣಿನ್ಯಾಗ ಹಿಂಗs ಅದ ಅಂತ ತೋರಿಸಿದ್ರ, ಆವಾಗ ಮಾತು ಬ್ಯಾರೆ.”

ಮುದ್ರೆಯ ಅರ್ಜಿಯನ್ನು ದಾಕ್ಷಾಯಣಿಯೇ ತುಂಬಿದಳು. ಹೊಲದ ಯಜಮಾನರ ಹೆಸರು ಎಂಬಲ್ಲಿ ಅತ್ತೆಯ ಹೆಸರು. ಕಾರಣ ಎಂಬಲ್ಲಿ ‘ಜೀವಂತ ಬೇರು’. ಮೌಲಾಸಾಬ ಕೆಂಪು ಗೂಟಗಳನ್ನು ಗಾಡಿಗೆ ಹಾಕಿಕೊಂಡು, ಈ ಸಲ ಏನೂ ತಮಾಷೆ ಮಾಡದೆ ಹೊರಟ. ಮಧ್ಯಾಹ್ನದೊಳಗೆ ಗೂಟ ನೆಟ್ಟಾಯಿತು, ಸುದ್ದಿ ಹರಡಿತು.

ಅಂದು ಸಂತೆ. ಹನ್ನೊಂದು ಊರಿನ ಹೆಂಗಸರೂ ಮುಗಳಿಕೊಪ್ಪಕ್ಕೆ ಬರುವ ದಿನ. ಫಕ್ಕೀರವ್ವ ಖಾಲಿ ಚೀಲ ಹಿಡಿದು ಹೋದಳು, ಸಂಜೆ ಖಾಲಿ ಚೀಲದೊಂದಿಗೇ ಬಂದಳು.

“ಏನ ಮಾಡಾಕ ಹೋಗಿದ್ದಿ ಬೇ?” ಎಂದು ಅಡಿವೆಪ್ಪ ಕೇಳಿದ. “ಮಂದಿ ಅನ್ನೋದು ಕಿವೀಲೆ ಕೇಳಬೇಕು ಅಂತ ಇತ್ತನು?”

“ಕೇಳಿದ್ನಿ. ಬಳಿಗಾರ ಶೇಖವ್ವ ಅಂದ್ಳು, ನಿನ್ನ ಸೊಸಿ ಅತ್ತಿ ಹೊಲಾನ ಬಿಡಲಿಲ್ಲ, ಇನ್ನ ನಮ್ಮನ್ನ ಬಿಡ್ತಾಳನು ಅಂತ. ಖರೇನ ಐತಿ.” ಅವಳು ಚಪ್ಪಲಿ ಬಿಟ್ಟು ನೀರು ಕುಡಿದಳು. “ನಾ ಎಲ್ಲಾರಿಗೂ ಒಂದs ಮಾತ ಹೇಳಿದ್ನಿ. ನನ್ನ ಎತ್ತಿನ ಕಣ್ಣಾಗ ಹುಳ ಅದಾವ. ನಾಡದ ಬಿತ್ತಿದ್ರ ನಿಮ್ಮ ಹೊಲದಾಗೂ ಏಳತಾವ. ಎತ್ತು ಇದ್ರ ಕೇಂದ್ರಕ್ಕ ಮುಟ್ಟಸ್ರಿ ಅಂತ.”

“ಏನಂದ್ರು?” ಎಂದಳು ದಾಕ್ಷಾಯಣಿ.

“ಐತಿ ಅಂತ ಯಾರೂ ಅನ್ನಲಿಲ್ಲ. ಇಲ್ಲ ಅಂತನೂ ಯಾರೂ ಅನ್ನಲಿಲ್ಲ. ಉಳ್ಳಾಗಡ್ಡಿ ಆರಸಿಕೋಂತ ನಿಂತ್ರು.”

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಎಂದಿನಂತೆ ಸೊಸೆಯ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ದಾಕ್ಷಾಯಣಿಗೆ ಅದನ್ನು ಮುರಿಯಲು ಬಹಳ ಹೊತ್ತು ಬೇಕಾಯಿತು. ಹದಿಮೂರು ವರ್ಷದ ಹಿಂದೆ ಊರವರ ಬಾಗಿಲಲ್ಲಿ ನಿಂತು, ನನ್ನನ್ನು ನಂಬಿ ಎಂದಿದ್ದಳು. ನಂಬಿದ್ದರು. ಹುಳುಗಳಲ್ಲಿ ನಂಬಿದವು ಅಳಿದು, ನಂಬದವು ಉಳಿದವು. ಜನರಲ್ಲಿ ನಾಳೆ ಯಾರು ಉಳಿದಿರುತ್ತಾರೆ ಎಂದು ಅವಳಿಗೆ ತಿಳಿಯಲಿಲ್ಲ.

ನಲವತ್ತನೆಯ ದಿನ ಬೆಳಿಗ್ಗೆ ಎಂಟಕ್ಕೆ ಅವಳು ಕೇಂದ್ರದ ದಾರಿಯಲ್ಲಿದ್ದಾಗ ಮೌಲಾಸಾಬನ ಫೋನು ಬಂತು.

“ಮೇಡಂ, ಲಗೂನ ಬರ್ರಿ. ನಮ್ಮ ಗೇಟಿನ ಮುಂದ ದನದ ಸಂತಿ ನೆರೆದೈತಿ.”

ಗೇಟಿನ ಬದಿಯ ಕಟ್ಟೆಯ ಮೇಲೆ ಒಂಬತ್ತು ಮಣ್ಣೆತ್ತುಗಳು ಸಾಲಾಗಿ ಕೂತಿದ್ದವು. ಒಂದನ್ನು ಹಳೆಯ ಕುಬುಸದಲ್ಲಿ ಸುತ್ತಿದ್ದರು, ಒಂದನ್ನು ಹಿಟ್ಟಿನ ಚೀಲದಲ್ಲಿ. ಒಂದರ ಹಣೆಗೆ ಇವತ್ತು ಬೆಳಗಿನದೇ ಕುಂಕುಮ. ಎಲ್ಲದರ ಕಣ್ಣಿನಿಂದಲೂ ಹಸಿರು ಎದ್ದಿತ್ತು. ಎರಡು ಎತ್ತುಗಳಲ್ಲಿ ಸೋಯಾ ಇರಲಿಲ್ಲ, ಗೋವಿನಜೋಳದ ಗರಿಗಳಿದ್ದವು.

“ಯಾರ ಇಟ್ರು?”

“ನಾ ಚಾ ಕುಡ್ಯಾಕ ಹೋಗಿದ್ನಿರಿ,” ಎಂದ ಮೌಲಾಸಾಬ. ಸ್ವಲ್ಪ ತಡೆದು, “ಮೂರು ಸಲ ಹೋಗಿದ್ನಿ,” ಎಂದ.

ಜಾಲಿಹಾಳರು ಬಂದರು. ಕೋಟು ಕಳಚಿ ಅಂಗಿಯ ತೋಳು ಮಡಿಸಿದರು. ಅವರೂ ದಾಕ್ಷಾಯಣಿಯೂ ಒಳಗಿನ ಉದ್ದ ಮೇಜಿನ ಮೇಲೆ ಎತ್ತುಗಳನ್ನಿಟ್ಟು ಒಂದೊಂದಾಗಿ ಬಿಡಿಸಿ, ಬೇರುಗಳನ್ನು ಬೇರ್ಪಡಿಸಿ ಗಾಜಿನ ಮೇಲೆ ಹರಡಿದರು. ಏಳು ಸೋಯಾ ಎತ್ತುಗಳಲ್ಲಿ ಆರರ ಬೇರಿಗೆ ಬಿಳಿ ಮಣಿಗಳು ಹತ್ತಿದ್ದವು. ಗೋವಿನಜೋಳದ ಎರಡರ ಬೇರುಗಳು ಸ್ವಚ್ಛವಾಗಿದ್ದವು. ಗೋವಿನಜೋಳದ ಹುಳು ಇನ್ನೂ ಸುಳ್ಳಿಗೆ ಏಳದಿರಲು ಕಲಿತಿಲ್ಲ, ಅಥವಾ ನಿಜವಾಗಿಯೂ ಮುಗಿದಿದೆ.

ಮೇಜಿನ ಮೇಲೆ ಉಳಿದ ಮಣ್ಣಿನ ಮುದ್ದೆಗಳನ್ನು ಜಾಲಿಹಾಳರು ಒಮ್ಮೆ ದಿಟ್ಟಿಸಿದರು. ಮಣಿ ಹತ್ತಿದ್ದ ಆರರಲ್ಲಿ ಒಂದು ಇದ್ದಿಲಿನಷ್ಟು ಕಪ್ಪು, ಒಂದು ಬೂದಿ ಬಣ್ಣ, ಒಂದರಲ್ಲಿ ಸುಣ್ಣದ ಹರಳು, ಮೂರು ಬೇರೆಬೇರೆ ಕೆಂಪು.

“ಒಂದು ಮನಿ ಅಲ್ಲ, ಒಂದು ಊರೂ ಅಲ್ಲ,” ಎಂದರು. ಅವರು ಅಲ್ಲಿಂದಲೇ ಫೋನು ಮಾಡಿದರು. ಆ ಕಡೆಯವರ ಮಾತು ದಾಕ್ಷಾಯಣಿಗೆ ಕೇಳಿಸಲಿಲ್ಲ; ಇವರ ಮಾತು ಕೇಳಿಸಿತು. “ಇಲ್ಲ, ಸೋಯಾ ಬಿತ್ತೋ ಹಂಗಿಲ್ಲ. ಎಲ್ಲಾ ಊರಿನ್ಯಾಗೂ. ಗೋವಿನಜೋಳ ಹಾಕಲಿ, ಅದಕ್ಕ ಈ ಹುಳ ಹತ್ತೂದಿಲ್ಲ. ಹೌದು, ಕೂರಿಗಿ ಹೂಡಲಿಕ್ಕೆ ಒಂದು ದಿನ ಇರಬೇಕಾದ್ರ ಹೇಳ್ಲಿಕತ್ತೀನಿ. ಬೈಗಳಾ ನನಗ ಕಳಸ್ರಿ.” ಆಮೇಲೆ ಹುಳುಮುಕ್ತ ಘೋಷಣೆಯ ಪತ್ರವನ್ನು ಎರಡಾಗಿ ಮಡಚಿ, ಒದ್ದೆಯಾದ ಮೇಜಿನ ಕಾಲಿನ ಕೆಳಗೆ ಒತ್ತಿದರು. ಮೇಜು ಅಲುಗುವುದು ನಿಂತಿತು.

“ಇನ್ನೊಂದು ಅದ,” ಎಂದರು ಸ್ವಲ್ಪ ಹೊತ್ತಿನ ಮೇಲೆ. “ನಿಯಮದ ಪ್ರಕಾರ ಈ ಒಂಬತ್ತೂ ಮನಿ ಗುರುತು ಹಚ್ಚಬೇಕು. ಮುದ್ರಿ ಹಾಕಬೇಕು. ಮಣ್ಣು ನೋಡಿ ಯಾವ ಊರು, ಯಾವ ದಿಕ್ಕಿನ ಹೊಲ ಅಂತ ಹೇಳೋವರು ಈ ಕೇಂದ್ರದಾಗ ನೀವೊಬ್ಬರs.”

ಅದು ನಿಜ. ಆ ಬಯಲಿನ ಪ್ರತಿ ಹೊಲದ ಮಣ್ಣನ್ನೂ ಅವಳು ಹದಿಮೂರು ವರ್ಷ ಕೈಯಲ್ಲಿ ಹಿಡಿದಿದ್ದಳು. ಸುಣ್ಣದ ಹರಳಿನದು ಬೂದಿಹಾಳದ ಏರು. ಅಲ್ಲಿ ಮೂರೇ ಮನೆಗಳ ಹೊಲ. ಇದ್ದಿಲು ಕಪ್ಪಿನದು ಹಳ್ಳದ ದಂಡೆ. ಕುಂಕುಮ ಹಚ್ಚಿದ ಎತ್ತಿನ ಮಣ್ಣು ಬಳಿಗಾರರ ಹೊಲದ ಮಣ್ಣಲ್ಲದೆ ಬೇರೆ ಅಲ್ಲ. ಅದನ್ನು ಹೇಳಲು ಅವಳಿಗೆ ಮುಟ್ಟಿ ನೋಡಬೇಕಾಗಿಯೂ ಇರಲಿಲ್ಲ. ಒಂಬತ್ತರಲ್ಲಿ ಎಂಟನ್ನು ಅವಳು ಹೆಸರಿನ ಸಮೇತ ಬರೆಯಬಲ್ಲವಳಾಗಿದ್ದಳು.

“ಉಳಿದ ತತ್ತಿ ಚೀಲ ಸೋಸಿ ಎಣಸಬೇಕಲ್ರಿ ಸರ್,” ಎಂದಳು. “ಮಣ್ಣು ಮೊದಲ ನೀರಿಗೆ ಹಾಕಬೇಕು.”

ಮೂಲೆಯ ದೊಡ್ಡ ತೊಟ್ಟಿಗೆ ನಲ್ಲಿ ಬಿಟ್ಟಳು. ಮಣ್ಣು ಸೋಸುವಾಗ ಒಂದೊಂದು ಮಾದರಿಗೆ ಒಂದೊಂದು ಬಕೆಟ್ಟು ಎಂಬುದು ಕೇಂದ್ರದಲ್ಲಿ ಕಸ ಗುಡಿಸುವವರಿಗೂ ಗೊತ್ತಿದ್ದ ನಿಯಮ. ಗೋಡೆಯ ಪಕ್ಕದಲ್ಲಿ ಬಕೆಟ್ಟುಗಳು ಒಂದರೊಳಗೊಂದು ಇದ್ದವು. ಅವಳು ಅವನ್ನು ಮುಟ್ಟಲಿಲ್ಲ. ಕಪ್ಪು ಮುದ್ದೆಯನ್ನು ತೊಟ್ಟಿಗೆ ಹಾಕಿದಳು. ಆಮೇಲೆ ಬೂದಿಯದು. ಆಮೇಲೆ ಸುಣ್ಣದ ಹರಳಿನದು. ಕೆಂಪುಗಳು ಬಿದ್ದಾಗ ನೀರು ಕದಡಿ ಒಂದೇ ಬಣ್ಣವಾಗತೊಡಗಿತು.

ಜಾಲಿಹಾಳರು ನೋಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದರು. ಬಾಗಿಲಲ್ಲಿದ್ದ ಮೌಲಾಸಾಬ ಬೆನ್ನು ತಿರುಗಿಸಿ ಅಂಗಳದ ಕಡೆ ಮುಖ ಮಾಡಿದ. ಎಂಟು ಆದ ಮೇಲೆ ಮೇಜಿನ ಮೇಲೆ ಒಂದು ಮುದ್ದೆ ಉಳಿಯಿತು, ಹಣೆಯ ತುಂಡಿನ ಮೇಲೆ ಕುಂಕುಮವಿದ್ದದ್ದು. ದಾಕ್ಷಾಯಣಿಯ ಕೈ ಅಲ್ಲಿಗೆ ಹೋಗುವ ಮೊದಲೇ ಜಾಲಿಹಾಳರು ಅದನ್ನು ಎರಡೂ ಕೈಯಲ್ಲಿ ಎತ್ತಿ, ಸದ್ದಾಗದಂತೆ ನೀರಿಗೆ ಬಿಟ್ಟರು.

ಮಧ್ಯಾಹ್ನ ಅವಳು ಮುದ್ರೆಯ ಪಟ್ಟಿಯನ್ನು ಮೇಲಿನ ಕಚೇರಿಗೆ ಕಳಿಸಿದಳು. ಒಂಬತ್ತು ಮಾದರಿಗಳ ಮುಂದೆ ‘ಮೂಲ ತಿಳಿದಿಲ್ಲ’ ಎಂದಿತ್ತು. ಹತ್ತನೆಯದರ ಮುಂದೆ ಊರು, ಹೊಲ, ಹೆಸರು ಎಲ್ಲ ಸ್ಪಷ್ಟವಾಗಿತ್ತು: ಫಕ್ಕೀರವ್ವ, ಮುಗಳಿಕೊಪ್ಪ.